ಅಳಿಯಂದಿರಿಗೆ ಆಟೋಮ್ಯಾಟಿಕ್ ವಾಚು ಕೊಳ್ಳುವ ಮುನ್ನ

ಲಗ್ನದ ದಿನಗಳು ಬಂದವೆಂದರೆ ಉಮರ್ಗಾ, ನಿಲಂಗಾ, ಉದಗೀರ ಭಾಗದ ನಮ್ಮ ಮನೆಗಳಲ್ಲಿ ಬಂಗಾರ, ಬಟ್ಟೆ, ಪಾತ್ರೆಗಳ ಯಾದಿಯ ಕೊನೆಗೆ ಒಂದು ಸಾಲು ತಪ್ಪದೇ ಇರುತ್ತದೆ: ಅಳಿಯಂದಿರಿಗೆ ವಾಚು. ಬಂಗಾರವನ್ನು ಒರೆಗೆ ಹಚ್ಚಿಸಿ, ಎರಡು ಅಂಗಡಿಯಲ್ಲಿ ದರ ಕೇಳಿ, ತೂಕ ಕಣ್ಣಾರೆ ನೋಡಿ ಕೊಳ್ಳುವ ನಾವೇ ವಾಚನ್ನು ಮಾತ್ರ ಗಾಜಿನ ಪೆಟ್ಟಿಗೆಯಲ್ಲಿ ಹೊಳೆಯುವುದನ್ನು ಕಂಡು ಹತ್ತು ನಿಮಿಷದಲ್ಲಿ ಕೊಂಡು ಬರುತ್ತೇವೆ. ಈಚೆಗೆ ಹುಡುಗರಲ್ಲಿ ಆಟೋಮ್ಯಾಟಿಕ್ ವಾಚಿನ ಹಂಬಲ ಮತ್ತೆ ಹೆಚ್ಚಾಗಿದೆ. ಸೆಲ್ಲು ಬೇಡ, ಚಾವಿ ಬೇಡ, ಕೈಗೆ ಕಟ್ಟಿದರೆ ಸಾಕು, ತಾನೇ ನಡೆಯುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಒಳ್ಳೆಯದಕ್ಕೆ ಐದಂಕಿಯ ರೊಕ್ಕ ಎಣಿಸಬೇಕು. ಆರು ತಿಂಗಳಿಗೆ ಅದೇ ವಾಚು ನಿಂತುಹೋಗಿ ಕಪಾಟು ಸೇರಿದ್ದನ್ನು ನಾವು ನಮ್ಮ ಸೋಯರಿಕೆಯಲ್ಲೇ ನಾಲ್ಕಾರು ಮನೆಗಳಲ್ಲಿ ಕಂಡಿದ್ದೇವೆ. ವಿಚಾರಿಸಿ ನೋಡಿದರೆ ಬಹಳಷ್ಟು ಸಲ ವಾಚು ಕೆಟ್ಟೇ ಇರುವುದಿಲ್ಲ. ಕಟ್ಟಿಕೊಂಡವರ ಕೈಗೂ ಅದಕ್ಕೂ ಜೋಡಿ ಕೂಡಿಲ್ಲ, ಅಷ್ಟೇ.

ತಾನೇ ನಡೆಯುವುದು ಎಂದರೇನು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಹಳೆಯ ಚಾವಿಯ ವಾಚಿನಲ್ಲಿರುವಂತೆ ಇದರಲ್ಲಿಯೂ ಒಂದು ಸುರುಳಿ ಸ್ಪ್ರಿಂಗು ಇರುತ್ತದೆ. ಹಿಂಬದಿಯಲ್ಲಿ ಅರ್ಧಚಂದ್ರದ ಆಕಾರದ ಒಂದು ಭಾರದ ತಗಡು ಕೀಲಿನ ಮೇಲೆ ತಿರುಗುವಂತೆ ಕೂಡಿಸಿರುತ್ತಾರೆ. ಇದಕ್ಕೆ ರೋಟರ್ ಎನ್ನುತ್ತಾರೆ. ನಾವು ಕೈ ಆಡಿಸಿದಂತೆ ಅದು ತಿರುಗಿ ಸ್ಪ್ರಿಂಗನ್ನು ಸುತ್ತುತ್ತದೆ. ಕೈಗಡಿಯಾರಕ್ಕೆ ಈ ಉಪಾಯವನ್ನು 1920ರ ದಶಕದಲ್ಲಿ ಜಾನ್ ಹಾರ್ವುಡ್ ಎಂಬ ಇಂಗ್ಲಿಷರು ಮಾಡಿ ಪೇಟೆಂಟ್ ಪಡೆದರು. 1931ರಲ್ಲಿ ರೋಲೆಕ್ಸ್ ಕಂಪನಿ ಪೂರ್ತಿ ಸುತ್ತು ತಿರುಗುವ ರೋಟರನ್ನು ತಂದಿತು. ಇಂದಿನ ವಾಚುಗಳೂ ಅದೇ ದಾರಿಯವು. ಸ್ಪ್ರಿಂಗು ಪೂರ್ತಿ ಸುತ್ತಿದ್ದರೆ ಸಾಧಾರಣ ವಾಚು ಸುಮಾರು 40 ತಾಸು ನಡೆಯುತ್ತದೆ. ಕೈಯೇ ಆಡದಿದ್ದರೆ ಒಳಗೆ ಸುತ್ತುವವರು ಬೇರೆ ಯಾರೂ ಇಲ್ಲ.

ನಮ್ಮ ವ್ಯಾಪಾರಸ್ಥರ ತೊಡಕು ಇಲ್ಲಿಯೇ ಇದೆ. ಗಾದಿಯ ಮೇಲೆ ಕುಳಿತ ಅಡತಿಯವರ ಎಡಗೈ ದಿನವೆಲ್ಲ ಏನು ಮಾಡುತ್ತದೆ? ಲೋಡಿಗೆ ಒರಗಿರುತ್ತದೆ. ಕಿರ್ದಿ ಬರೆಯುವುದು, ಫೋನು ಹಿಡಿಯುವುದು, ರೊಕ್ಕ ಎಣಿಸುವುದು ಎಲ್ಲ ಬಲಗೈಯ ಕೆಲಸ, ವಾಚು ಇರುವುದು ಎಡಗೈಗೆ. ಮಧ್ಯಾಹ್ನ ಉಣ್ಣಲು ಹೋದಾಗ ಬಿಚ್ಚಿಟ್ಟರೆ ಸಂಜೆಗೇ ನೆನಪು. ಹೀಗೆ ನಾಲ್ಕು ದಿನ ನಡೆದರೆ ಸ್ಪ್ರಿಂಗಿನಲ್ಲಿ ಜೀವ ಉಳಿಯುವುದಿಲ್ಲ, ವಾಚು ರಾತ್ರಿ ನಿಲ್ಲುತ್ತದೆ. ನಮ್ಮ ಭಾವನವರ ವಾಚಿಗೆ ಇದೇ ಆಗಿ, ಉದಗೀರದಲ್ಲಿ ಬಳಕೆಯಲ್ಲಿದ್ದ ಒಬ್ಬ ವೃದ್ಧ ರಿಪೇರಿಯವರ ಹತ್ತಿರ ಒಯ್ದಿದ್ದೆವು.

"ಚಾಚಾ, ಹೊಸಾ ವಾಚು, ದಿನಾ ಬೆಳಿಗ್ಗೆ ನೋಡಿದರೆ ನಿಂತಿರುತ್ತದೆ, ಒಳಗೇನು ಮುರಿದಿದೆ ನೋಡಿರಿ" ಎಂದೆವು.

ಅವರು ಬಿಚ್ಚಲೇ ಇಲ್ಲ. ಕಿವಿಗೆ ಹಿಡಿದು, ಇಪ್ಪತ್ತು ಸಲ ಚಾವಿ ತಿರುಗಿಸಿ, "ಸೇಠಜಿ, ಇದು ಉಪವಾಸ ಇದೆ. ನಾಳೆ ಇದೇ ಹೊತ್ತಿಗೆ ತೊಗೊಂಡು ಬರ್ರಿ" ಎಂದು ಕಳಿಸಿದರು. ಮರುದಿನ ಅದು ಒಂದು ನಿಮಿಷವೂ ಹಿಂದೆ ಬಿದ್ದಿರಲಿಲ್ಲ. ರೊಕ್ಕವನ್ನೂ ತೆಗೆದುಕೊಳ್ಳಲಿಲ್ಲ.

ಆದ್ದರಿಂದ ಆಟೋಮ್ಯಾಟಿಕ್ ಕೊಳ್ಳುವವರು ಅಂಗಡಿಯಲ್ಲಿ ಕೇಳಬೇಕಾದ ಮೊದಲ ಮಾತು ಬ್ರ್ಯಾಂಡ್ ಯಾವುದು ಎಂದಲ್ಲ, ಚಾವಿಯಿಂದಲೂ ಸುತ್ತಲು ಬರುತ್ತದೆಯೇ ಎಂದು. ಎಲ್ಲ ಆಟೋಮ್ಯಾಟಿಕ್ ವಾಚುಗಳಿಗೂ ಈ ಸೌಕರ್ಯ ಇಲ್ಲ. ನಮ್ಮ ಜನರಲ್ಲಿ ಬಹಳ ಹೆಸರಾದ ಜಪಾನಿನ ಸೀಕೋ 5 ಮಾಲಿಕೆಯನ್ನೇ ನೋಡಿರಿ. 1963ರಿಂದ ಬಂದ ಗಟ್ಟಿ ವಾಚು. 1996ರಲ್ಲಿ ಬಂದ 7ಎಸ್26 ಎಂಬ ಯಂತ್ರವಿದ್ದ ವಾಚಿಗೆ ಚಾವಿ ತಿರುಗಿಸಿದರೆ ಏನೂ ಸುತ್ತುವುದಿಲ್ಲ, ಕೈ ಆಡಿಸಿಯೇ ನಡೆಸಬೇಕು. ನಂತರದ 4ಆರ್36 ಯಂತ್ರಕ್ಕೆ ಚಾವಿಯೂ ನಡೆಯುತ್ತದೆ, ವೇಳೆ ಹೊಂದಿಸುವಾಗ ಸೆಕೆಂಡಿನ ಮುಳ್ಳು ನಿಲ್ಲುತ್ತದೆ. ಹೊರಗಿನ ರೂಪದಲ್ಲಿ ಎರಡೂ ಅಣ್ಣತಮ್ಮಂದಿರಂತೆ ಕಾಣುತ್ತವೆ. ಗಾದಿಯಲ್ಲಿ ಕೂಡುವವರಿಗೆ ಮೊದಲನೆಯದು ಬೇಡ. ಜವಳಿ ಅಂಗಡಿಯಲ್ಲಿ ದಿನವೆಲ್ಲ ಥಾನು ಬಿಚ್ಚಿ ಅಳೆದು ಮಡಿಚುವವರಿಗೆ, ಮೋಟಾರ್ ಸೈಕಲ್ ಮೇಲೆ ಹಳ್ಳಿ ತಿರುಗುವವರಿಗೆ ಯಾವುದಾದರೂ ನಡೆಯುತ್ತದೆ. ದಿನಕ್ಕೆ ಎಂಟು ಹತ್ತು ತಾಸು ಕೈಯಲ್ಲಿದ್ದು ಕೈ ಆಡುತ್ತಿದ್ದರೆ ಬೇರೆ ಉಪಚಾರ ಬೇಕಿಲ್ಲ. ಅರವತ್ತು ದಾಟಿ ಮನೆಯಲ್ಲೇ ಇರುವ ಹಿರಿಯರಿಗಂತೂ ಆಟೋಮ್ಯಾಟಿಕ್ ಕೊಡುವುದಕ್ಕಿಂತ ಬರೀ ಚಾವಿಯ ವಾಚೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಬೆಳಿಗ್ಗೆ ಚಾವಿ ಕೊಡುವುದು ಅವರಿಗೆ ರೂಢಿಯೇ ಇದೆ.

ಇನ್ನು ಎಚ್‌ಎಂಟಿಯ ಮಾತು. ನಮ್ಮ ವಯಸ್ಸಿನವರಿಗೆ ವಾಚು ಎಂದರೆ ಅದೇ. 1956ರವರೆಗೆ ಉದಗೀರ, ನಿಲಂಗಾ ತಾಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯ ಬೇರೆಯಾದರೂ ನಂಟು, ಭಾಷೆ ಆಚೆಗೇ ಉಳಿದವು. ಹೀಗಾಗಿ ಬೆಂಗಳೂರಿನ ವಾಚು ಎಂಬ ಅಭಿಮಾನವೂ ನಮ್ಮಲ್ಲಿ ಸ್ವಲ್ಪ ಇತ್ತು. ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ 1961ರಲ್ಲಿ ಬೆಂಗಳೂರಿನಲ್ಲಿ ಆ ಕಾರಖಾನೆ ಶುರುವಾಯಿತು, ಮುಂದೆ ತುಮಕೂರಿನಲ್ಲೂ ಆಯಿತು. ಜನತಾ, ಪೈಲಟ್, ಸೋನಾ ಇವು ಚಾವಿಯವು. ಆಟೋಮ್ಯಾಟಿಕ್‌ನಲ್ಲಿ ಕಾಂಚನ್, ರಜತ್. ಅದರಲ್ಲಿಯೂ ಬಂಗಾರದ ಬಣ್ಣದ ಕಾಂಚನ್ ಅಳಿಯಂದಿರ ವಾಚು ಎಂದೇ ಹೆಸರಾಗಿತ್ತು. ಬೀಗರು ಬಾಯಿಬಿಟ್ಟು ಕೇಳುತ್ತಿದ್ದರು, ಸಿಗದಿದ್ದರೆ ಮುಖ ಸಣ್ಣದು ಮಾಡುತ್ತಿದ್ದರು. ಆ ಕೇಳುವ ಪರಿಪಾಠ ಹೋದದ್ದು ಒಳ್ಳೆಯದೇ ಆಯಿತು. ಕ್ವಾರ್ಟ್ಝ್ ವಾಚು ಬಂದ ಮೇಲೆ, ವಿಶೇಷವಾಗಿ 1980ರ ದಶಕದ ಕೊನೆಗೆ ಹೊಸೂರಿನ ಟೈಟನ್ ಮಾಲು ಪೇಟೆಗೆ ಇಳಿದ ಮೇಲೆ, ಎಚ್‌ಎಂಟಿ ಸೊರಗುತ್ತಾ ಬಂತು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಆ ವಾಚು ಕಂಪನಿ ಮುಚ್ಚಲು ಒಪ್ಪಿಗೆ ಕೊಟ್ಟಿತು.

ಈ ಇತಿಹಾಸ ಹೇಳಲು ಕಾರಣವಿದೆ. ಹಳೆಯ ಕಾಂಚನ್ ಹೊಸದರಂತೆ ಮಾಡಿದ್ದೇವೆ ಎಂದು ಕೆಲವೇ ಸಾವಿರಕ್ಕೆ ಫೋನಿನಲ್ಲಿ ಫೋಟೋ ತೋರಿಸಿ ಮಾರುವವರು ಈಗ ಬಹಳ ಆಗಿದ್ದಾರೆ. ಇಂಥ ಮಾಲಿನಲ್ಲಿ ಹೆಚ್ಚಿನವು ಡಯಲ್ಲಿಗೆ ಹೊಸ ಬಣ್ಣ ಹಚ್ಚಿ, ಒಂದರ ಯಂತ್ರ ಇನ್ನೊಂದರ ಡಬ್ಬಿಗೆ ಹಾಕಿ, ಮೂರನೆಯದರ ಮುಳ್ಳು ಜೋಡಿಸಿದವು. ಗುರುತು ಹಿಡಿಯುವುದು ಕಠಿಣವಲ್ಲ. ಅಕ್ಷರಗಳು ದಪ್ಪಗಿರುತ್ತವೆ, ಸಾಲು ಓರೆಯಾಗಿರುತ್ತದೆ. ಹಿಂಬದಿ ಉಜ್ಜಿ ಉಜ್ಜಿ ಅಂಕಿ ಅಳಿಸಿಹೋಗಿರುತ್ತದೆ. ನೀಲಿ, ಕೆಂಪು, ಹಸಿರು ಡಯಲ್ಲು ಗಿಲೀಟು ಹೊಡೆಯುತ್ತಿರುತ್ತದೆ. ಲಗ್ನಕ್ಕೆ ಇದನ್ನು ಕೊಡಬಾರದು. ಮನೆಯಲ್ಲಿ ಅಪ್ಪನವರದೋ ಅಜ್ಜನವರದೋ ನಿಜವಾದ ಹಳೆಯ ಎಚ್‌ಎಂಟಿ ಇದ್ದರೆ ಮಾತೇ ಬೇರೆ. ಅದನ್ನು ತೊಳೆಸಿ ಎಣ್ಣೆ ಹಾಕಿಸಿ ಕೊಟ್ಟರೆ ಹೊಸ ವಾಚಿಗಿಂತ ಹೆಚ್ಚು. ಡಯಲ್ಲು ಸ್ವಲ್ಪ ಹಳದಿಯಾಗಿದ್ದರೆ ಹಾಗೇ ಇರಲಿ, ಬಣ್ಣ ಹಚ್ಚಿಸಬೇಡಿರಿ.

ವಾಚು ಕೊಳ್ಳುವಾಗಲೇ ರಿಪೇರಿಯ ವಿಚಾರವೂ ಆಗಬೇಕು. ಚಕ್ರದ ವಾಚನ್ನು ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಿ ತೊಳೆದು ಎಣ್ಣೆ ಹಾಕಿಸಬೇಕು. ನಮ್ಮ ಮೂರೂ ಊರುಗಳಲ್ಲಿ ಸೆಲ್ಲು ಹಾಕುವವರು, ಪಟ್ಟಿ ಬದಲಿಸುವವರು ಸಿಗುತ್ತಾರೆ; ಭೂತಗನ್ನಡಿ ಹಾಕಿಕೊಂಡು ಚಕ್ರ ಬಿಚ್ಚುವವರು ಮುಪ್ಪಾದರು, ಮಕ್ಕಳು ಮೊಬೈಲ್ ಅಂಗಡಿ ಹಾಕಿದರು. ಉಮರ್ಗಾದವರು ಹೆದ್ದಾರಿ ಹಿಡಿದು ಸೊಲ್ಲಾಪುರಕ್ಕೋ ಹೈದರಾಬಾದಿಗೋ, ಉದಗೀರದವರು ರೈಲಿನಲ್ಲಿ ಬೀದರಕ್ಕೋ, ನಿಲಂಗಾದವರು ಲಾತೂರಕ್ಕೋ ಹೋಗಬೇಕಾಗುತ್ತದೆ. ಅದಕ್ಕೇ ಸೀಕೋ, ಸಿಟಿಜನ್, ಟೈಟನ್ ಮುಂತಾಗಿ ಯಂತ್ರವೂ ಬಿಡಿಭಾಗವೂ ಸಿಗುವಂಥ ಪರಿಚಯದ ಮಾಲನ್ನೇ ಕೊಳ್ಳಬೇಕು. ಹೆಸರೇ ಕೇಳದ ಸ್ವಿಸ್ ಎಂಬ ಚೀಟಿ ಅಂಟಿದ ವಾಚು ಚಂದ ಕಂಡರೂ, ಒಂದು ಚಕ್ರ ಹೋದರೆ ಇಡೀ ವಾಚೇ ಹೋದಂತೆ. ಅಂಗಡಿಯವರನ್ನು ನೇರವಾಗಿ ಕೇಳಿರಿ: ಕೆಟ್ಟರೆ ಎಲ್ಲಿಗೆ ಕಳಿಸುತ್ತೀರಿ, ಎಷ್ಟು ದಿನ? ಉತ್ತರ ತಡವರಿಸಿದರೆ ಮುಂದಿನ ಅಂಗಡಿಗೆ ನಡೆಯಿರಿ.

ವೇಳೆಯ ನಿಖರತೆಯ ಬಗ್ಗೆ ನಮ್ಮ ಮನೆಗಳಿಗೆ ಬೇರೆಯವರಿಗಿಂತ ಹೆಚ್ಚು ಕಾಳಜಿ ಇರಬೇಕು. ಕಾರ್ತಿಕ, ಮಾರ್ಗಶಿರದಲ್ಲಿ ನಮ್ಮ ಭಾಗದಲ್ಲಿ ಆರಕ್ಕೆ ಮೊದಲೇ ಸೂರ್ಯಾಸ್ತವಾಗುತ್ತದೆ. ಅಂಗಡಿ ಬಿಟ್ಟು ಬಂದು ಅಷ್ಟರೊಳಗೆ ಊಟ ಮುಗಿಸುವವರಿಗೆ ಹತ್ತು ನಿಮಿಷ ಸಣ್ಣದಲ್ಲ. ಸಾಮಾಯಿಕಕ್ಕೆ ಕುಳಿತವರಿಗೆ ಎರಡು ಘಳಿಗೆ, ಅಂದರೆ 48 ನಿಮಿಷದ ಲೆಕ್ಕ. ಆಟೋಮ್ಯಾಟಿಕ್ ವಾಚು ದಿನಕ್ಕೆ 20 ಸೆಕೆಂಡು ಹಿಂದೆ ಮುಂದೆ ಆಗುವುದು ದೋಷವಲ್ಲ, ಕಂಪನಿಯವರೇ ಅದಕ್ಕಿಂತ ಹೆಚ್ಚಿಗೆ ಅವಕಾಶ ಬರೆದಿರುತ್ತಾರೆ. ಆದರೆ ದಿನಕ್ಕೆ 20 ಸೆಕೆಂಡು ಎಂದರೆ ತಿಂಗಳಿಗೆ 10 ನಿಮಿಷ. ನೂರು ರೂಪಾಯಿಯ ಕ್ವಾರ್ಟ್ಝ್ ವಾಚು ಇದಕ್ಕಿಂತ ನಿಖರ ಎಂದರೆ ಹುಡುಗರಿಗೆ ಸಿಟ್ಟು ಬರುತ್ತದೆ, ಆದರೂ ಮಾತು ಸತ್ಯ. ಕ್ವಾರ್ಟ್ಝಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಸಾಮಾನ್ಯ ಆಟೋಮ್ಯಾಟಿಕ್ ಸೆಕೆಂಡಿಗೆ ಆರು ಸಲ ಮಿಡಿಯುತ್ತದೆ. ವಾರಕ್ಕೊಮ್ಮೆ ಫೋನಿನ ವೇಳೆಗೆ ಹೊಂದಿಸಿಕೊಂಡರೆ ತೊಂದರೆ ಇಲ್ಲ. ಅಷ್ಟೂ ಬೇಸರವೆನ್ನುವ ಅಳಿಯಂದಿರಾದರೆ ಒಳ್ಳೆಯ ಕ್ವಾರ್ಟ್ಝ್ ಕೊಟ್ಟುಬಿಡುವುದು ಚೆನ್ನ, ರೊಕ್ಕವೂ ಉಳಿಯುತ್ತದೆ.

ಆ ಆರು ಮಿಡಿತವೇ ಅಸಲು ನಕಲಿ ತಿಳಿಯಲು ಸುಲಭದ ಗುರುತು. ಸೆಕೆಂಡಿನ ಮುಳ್ಳು ಸರಾಗವಾಗಿ ಹರಿದಂತೆ ಹೋದರೆ ಚಕ್ರದ ಯಂತ್ರ. ಸೆಕೆಂಡಿಗೊಮ್ಮೆ ಟಕ್ಕೆಂದು ಜಿಗಿದರೆ, ಡಯಲ್ಲಿನ ಮೇಲೆ ಆಟೋಮ್ಯಾಟಿಕ್ ಎಂದು ಬರೆದಿದ್ದರೂ ಒಳಗೆ ಸೆಲ್ಲು ಇದೆ ಎಂದು ತಿಳಿಯಬೇಕು.

ಪಟ್ಟಿಯ ವಿಷಯ ನಮ್ಮವರು ಮರೆಯುತ್ತಾರೆ. ಬೆಲೆಯ ವಾಚಿಗೆ ಕರುವಿನ ಚರ್ಮದ ಪಟ್ಟಿ ಹಾಕಿ ಕೊಡುವುದು ಕಂಪನಿಗಳ ಪದ್ಧತಿ, ಡಬ್ಬಿಯ ಮೇಲೆ ಅದು ಸಣ್ಣ ಅಕ್ಷರದಲ್ಲಿರುತ್ತದೆ. ಸ್ಟೀಲ್ ಚೈನಿನದೇ ಕೇಳಿ ತೆಗೆದುಕೊಳ್ಳಿರಿ. ಇಲ್ಲವೇ ನೈಲಾನ್, ರಬ್ಬರ್ ಪಟ್ಟಿ ಹಾಕಿಸಿರಿ. ಇದರ ಜೊತೆಗೇ ಒಂದು ಸಂಗತಿ ಹೇಳಬೇಕು. ಹಿಂದಿನ ಕಾಲದಲ್ಲಿ ವಾಚಿನ ಎಣ್ಣೆಯನ್ನು ಸಮುದ್ರದ ಡಾಲ್ಫಿನ್ ಜಾತಿಯ ಪ್ರಾಣಿಗಳ ದವಡೆಯಿಂದ ಮತ್ತು ದನಗಳ ಕಾಲೆಲುಬಿನಿಂದ ತೆಗೆಯುತ್ತಿದ್ದರು. ಇದನ್ನು ಓದಿ ತಿಳಿದಾಗ ನಮ್ಮ ಮನೆಯವರು ಅಜ್ಜನವರ ಜೇಬುಗಡಿಯಾರವನ್ನು ಮುಟ್ಟಲೂ ಹಿಂದೆಮುಂದೆ ನೋಡಿದರು. ಈಗಿನ ಕಂಪನಿಗಳೂ ಒಳ್ಳೆಯ ರಿಪೇರಿಯವರೂ ಬಳಸುವುದು ಕಾರಖಾನೆಯಲ್ಲಿ ರಸಾಯನದಿಂದ ತಯಾರಾದ ಎಣ್ಣೆ. ಆ ಬಗ್ಗೆ ಶಂಕೆ ಬೇಡ.

21 ಜ್ಯುವೆಲ್, 24 ಜ್ಯುವೆಲ್ ಎಂದು ಬರೆದದ್ದನ್ನು ಕಂಡು ರತ್ನದ ಬೆಲೆ ಕೊಡಬೇಕಿಲ್ಲ. ಅವು ಚಕ್ರದ ಮೊನೆ ಸವೆಯದಂತೆ ಕೂಡಿಸಿದ ಕಾರಖಾನೆಯ ಕೆಂಪು ಹರಳುಗಳು, ಮಾರಿದರೆ ಏನೂ ಬರುವುದಿಲ್ಲ. ಎಚ್‌ಎಂಟಿ ಜನತಾ 17ರಲ್ಲೇ ಎಷ್ಟೋ ಮನೆಗಳಲ್ಲಿ ಒಂದು ಜನ್ಮ ನಡೆಯಿತು. ನೀರಿನ ಬಗ್ಗೆ 30 ಮೀಟರ್ ಎಂದಿದ್ದರೆ ಕೈ ತೊಳೆಯುವಾಗಿನ ಸಿಡಿತಕ್ಕೆ ಮಾತ್ರ, ಬಾವಿಗೆ ಇಳಿಯಲಿಕ್ಕಲ್ಲ. ತೊಗರಿ, ಸೋಯಾಬಿನ್ ಧೂಳಿನಲ್ಲಿ ಮಾರ್ಕೆಟ್ ಯಾರ್ಡಿನಲ್ಲಿ ನಿಲ್ಲುವವರು 50 ಮೀಟರ್ ಅಥವಾ ಹೆಚ್ಚಿನದನ್ನು ಕೊಳ್ಳಲಿ, ನೀರು ತಡೆಯುವ ರಬ್ಬರೇ ಧೂಳನ್ನೂ ತಡೆಯುತ್ತದೆ. ರೋಟರಿನಿಂದಾಗಿ ಈ ವಾಚುಗಳು ದಪ್ಪ. ಕೈ ಸಣ್ಣಗಿದ್ದವರಿಗೆ 38 ಮಿಲಿಮೀಟರ್ ಆಸುಪಾಸು ಸಾಕು, ತಟ್ಟೆಯಂಥದ್ದು ಅಂಗಿಯ ತೋಳಿಗೆ ಸಿಕ್ಕು ಅಂಚು ಹರಿಯುತ್ತದೆ.

ತಾರೀಖು ಹೊಂದಿಸುವುದನ್ನು ರಾತ್ರಿ ಒಂಬತ್ತರಿಂದ ಮೂರರವರೆಗೆ ಮಾಡಬಾರದು. ಆಗ ತಾರೀಖಿನ ಹಲ್ಲು ಚಕ್ರಕ್ಕೆ ಕೂಡಿರುತ್ತದೆ, ಒತ್ತಾಯಿಸಿದರೆ ಮುರಿಯುತ್ತದೆ. ಹೊಸ ಅಳಿಯಂದಿರಿಗೆ ಇದನ್ನು ಹೇಳುವವರು ಯಾರೂ ಇರುವುದಿಲ್ಲ. ಸ್ಪೀಕರಿನ ಮೇಲೆ, ಅಯಸ್ಕಾಂತವಿರುವ ಫೋನಿನ ಕವರಿನ ಪಕ್ಕದಲ್ಲಿ ಇಟ್ಟರೆ ವಾಚು ಒಮ್ಮೆಲೇ ಓಡಲು ಶುರುಮಾಡುತ್ತದೆ. ಅದಕ್ಕೆ ಹೆದರಬೇಕಿಲ್ಲ, ರಿಪೇರಿಯವರು ಐದು ನಿಮಿಷದಲ್ಲಿ ಸರಿಪಡಿಸುತ್ತಾರೆ.

ಲಗ್ನಕ್ಕೆ ಹದಿನೈದು ದಿನ ಮೊದಲೇ ಕೊಂಡು, ಮನೆಯಲ್ಲಿ ಯಾರಾದರೂ ಒಂದು ವಾರ ಜೋಪಾನವಾಗಿ ಕೈಗೆ ಕಟ್ಟಿ ವೇಳೆ ಬರೆದಿಟ್ಟು ನೋಡಬೇಕು. ಮೊದಲೇ ಅಂಗಡಿಯವರಿಗೆ ಹೇಳಿ ಒಪ್ಪಿಸಿಕೊಂಡರೆ ಬದಲಾಯಿಸಿ ಕೊಡುತ್ತಾರೆ. ಪಕ್ಕಾ ಬಿಲ್ಲಿನ ಮೇಲೆ ವಾಚಿನ ಹಿಂಬದಿಯ ನಂಬರು ಬರೆಸಿರಿ, ಗ್ಯಾರಂಟಿ ಕಾರ್ಡಿಗೆ ಸಿಕ್ಕಾ ಹಾಕಿಸಿರಿ. ಅಳತೆಗೆಂದು ಚೈನಿನಿಂದ ತೆಗೆದ ಕಡಿಗಳನ್ನು ಅಂಗಡಿಯಲ್ಲೇ ಬಿಟ್ಟು ಬರುವವರೇ ಹೆಚ್ಚು. ಅವನ್ನು ಕೇಳಿ ತಂದು, ಚೀಟಿಯಲ್ಲಿ ಕಟ್ಟಿ, ಬಿಲ್ಲಿನ ಜೊತೆ ಡಬ್ಬಿಯಲ್ಲೇ ಇಟ್ಟು ಕೊಡಬೇಕು. ಲಗ್ನವಾಗಿ ಒಂದೆರಡು ವರ್ಷಕ್ಕೆ ಅಳಿಯಂದಿರ ಕೈ ತುಂಬಿಕೊಂಡಾಗ ಬೇಕಾಗುತ್ತವೆ.