ಬ್ರೇಕ್ ಪೆಡಲು ಮೆತ್ತಗಾದರೆ: ಘಾಟಿ ಇಳಿಯುವ ಮೊದಲು ತಿಳಿದಿರಬೇಕಾದದ್ದು

ಕೊಯ್ಲಿನ ಕಾಲ ಬಂತೆಂದರೆ ನಮ್ಮ ಸದಸ್ಯರ ಜೀಪು, ಪಿಕಪ್ಪು, ಕಾರುಗಳಿಗೆ ಬಿಡುವಿಲ್ಲ. ತೀರ್ಥಹಳ್ಳಿ, ಹೊಸನಗರ, ಕೊಪ್ಪದ ಕಡೆಯಿಂದ ಅಡಿಕೆ ಶಿವಮೊಗ್ಗಕ್ಕೆ ಬರಬೇಕು. ಹಿಂದಿರುಗುವಾಗ ಗಾಂಧಿ ಬಜಾರಿನಲ್ಲಿ ಮನೆಸಾಮಾನು ತುಂಬಬೇಕು. ನಡುವೆ ಮದುವೆ ಮುಂಜಿಗೆಂದು ಆಗುಂಬೆ ಇಲ್ಲವೇ ಹುಲಿಕಲ್ ಘಾಟಿ ಇಳಿಯುವುದೂ ಉಂಟು. ಹೀಗಿರುವಾಗ “ಬ್ರೇಕು ಸ್ವಲ್ಪ ಮೆತ್ತಗಿದೆ, ಎರಡು ಸಲ ತುಳಿದರೆ ಹಿಡಿಯುತ್ತದೆ” ಎಂಬ ಮಾತನ್ನು ಆಗಾಗ್ಗೆ ಕೇಳುತ್ತೇವೆ. ಎರಡು ಸಲ ತುಳಿಯಲು ಬಜಾರಿನಲ್ಲಿ ವೇಳೆ ಸಿಕ್ಕೀತು. ಘಾಟಿಯ ತಿರುವಿನಲ್ಲಿ ಸಿಗದು. ಆದ್ದರಿಂದ ಈ ವಿಷಯವನ್ನು ಸದಸ್ಯರ ಗಮನಕ್ಕೆ ತರುತ್ತಿದ್ದೇವೆ.

ಪೆಡಲನ್ನು ತುಳಿದಾಗ ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರ್ ಕಪ್ಪು ಬ್ರೇಕ್ ಆಯಿಲನ್ನು ಮುಂದಕ್ಕೆ ನೂಕುತ್ತದೆ. ಆ ಒತ್ತಡವು ಕೊಳವೆಗಳ ಮೂಲಕ ಚಕ್ರಗಳಿಗೆ ತಲಪಿ ಬ್ರೇಕು ಹಿಡಿಯುತ್ತದೆ. ದ್ರವವನ್ನು ಒತ್ತಿ ಕುಗ್ಗಿಸುವುದು ಬಹುಮಟ್ಟಿಗೆ ಅಸಾಧ್ಯ, ಗಾಳಿಯಾದರೋ ಕುಗ್ಗುತ್ತದೆ. ಆದಕಾರಣ ಪೆಡಲು ಮೆತ್ತಗಾಯಿತೆಂದರೆ ಕೊಳವೆಯಲ್ಲಿ ಗಾಳಿ ಅಥವಾ ಆವಿ ಸೇರಿರಬೇಕು, ಆಯಿಲು ಸೋರುತ್ತಿರಬೇಕು, ಇಲ್ಲವೇ ಯಾವುದೋ ಭಾಗ ಸವೆದಿರಬೇಕು. ಯಾವುದೆಂಬುದನ್ನು ಕಾಲೇ ಹೇಳುತ್ತದೆ.

ನಾಲ್ಕು ಲಕ್ಷಣಗಳು

1. ಪೆಡಲು ಸ್ಪಂಜಿನಂತೆ ಪುಟಿಯುತ್ತದೆ, ಪದೇ ಪದೇ ತುಳಿದರೆ ಮೇಲೇರುತ್ತದೆ: ಕೊಳವೆಯಲ್ಲಿ ಗಾಳಿಯಿದೆ.

2. ಮೊದಲ ತುಳಿತಕ್ಕೆ ಆಳಕ್ಕೆ ಹೋಗುತ್ತದೆ, ಎರಡನೆಯದಕ್ಕೆ ಮೇಲೆಯೇ ಗಟ್ಟಿಯಾಗಿ ನಿಲ್ಲುತ್ತದೆ: ಹಿಂದಿನ ಡ್ರಮ್ಮಿನಲ್ಲಿ ಲೈನರ್ ಸವೆದು ಅಂತರ ಹೆಚ್ಚಾಗಿದೆ. ಲೈನರ್ ನೋಡಿಸಿ, ಬ್ರೇಕ್ ಅಡ್ಜಸ್ಟ್ ಮಾಡಿಸಬೇಕು.

3. ತುಳಿದು ಹಿಡಿದರೆ ನಿಧಾನವಾಗಿ ಕೆಳಗಿಳಿಯುತ್ತದೆ: ಆಯಿಲಿನ ಮಟ್ಟವೂ ತಗ್ಗುತ್ತಿದ್ದರೆ ಹೊರಗೆಲ್ಲೋ ಸೋರಿಕೆ ಇದೆ. ಮಟ್ಟ ತಗ್ಗದಿದ್ದರೆ ಮಾಸ್ಟರ್ ಸಿಲಿಂಡರಿನ ಕಪ್ಪು ಸವೆದು, ಆಯಿಲು ಒಳಗೊಳಗೇ ಹಿಂದಕ್ಕೆ ಜಾರುತ್ತಿದೆ. ಗಾಂಧಿ ಬಜಾರಿನ ನೂಕುನುಗ್ಗಲಿನಲ್ಲಿ ವಾಹನ ನಿಂತಾಗ ಪೆಡಲಿನ ಮೇಲೆ ಹಗುರವಾಗಿ ಕಾಲಿಟ್ಟು ಅರ್ಧ ನಿಮಿಷ ಗಮನಿಸಿದರೆ ಇದು ತಿಳಿಯುತ್ತದೆ. ಜೋರಾಗಿ ತುಳಿದಾಗ ಅಡಗುವ ಈ ದೋಷ ಹಗುರ ತುಳಿತಕ್ಕೆ ಬಯಲಾಗುವುದುಂಟು.

4. ಬಯಲಿನಲ್ಲಿ ಸರಿಯಿದ್ದು ಘಾಟಿ ಇಳಿಯುವಾಗ ಮಾತ್ರ ಮೆತ್ತಗಾಗುತ್ತದೆ: ಆಯಿಲಿಗೆ ನೀರು ಸೇರಿದೆ. ನಾಲ್ಕರಲ್ಲಿ ಹೆಚ್ಚು ಅಪಾಯಕಾರಿ ಇದೇ, ಏಕೆಂದರೆ ಬಜಾರಿನಲ್ಲಿ ಇದು ಸುಳಿವು ಕೊಡುವುದಿಲ್ಲ.

ನೀರಿನ ಕಾಟ

ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೊಡೆಯುವುದನ್ನು ನಾವೆಲ್ಲ ಬಲ್ಲೆವು. ಬ್ರೇಕ್ ಆಯಿಲಿನ ಸ್ವಭಾವವೂ ಅಂಥದೇ. ಗಾಳಿಯ ತೇವವನ್ನು ಮೆಲ್ಲಮೆಲ್ಲನೆ ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ಶೇಕಡಾ 3.7ರಷ್ಟು ನೀರು ಸೇರಿದಾಗ ಈ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ಕ್ಕೆ ಇವು 230 ಮತ್ತು 155 ಡಿಗ್ರಿ. ಹೇರು ತುಂಬಿದ ವಾಹನ ಬ್ರೇಕನ್ನೇ ನಂಬಿ ಘಾಟಿ ಇಳಿದರೆ ಚಕ್ರದ ಬಳಿ ಅಷ್ಟು ಕಾವು ಏರಬಲ್ಲದು. ಆಯಿಲು ಕುದಿದು ಆವಿಯಾಗುತ್ತದೆ, ಆವಿ ಕುಗ್ಗುತ್ತದೆ, ಪೆಡಲು ತಳ ಸೇರುತ್ತದೆ. ಪೆಡಲು ಗಟ್ಟಿಯಾಗಿಯೇ ಇದ್ದು ವಾಹನ ನಿಲ್ಲದಿದ್ದರೆ ಅದು ಬೇರೆ ಸಂಗತಿ: ಲೈನರ್ ಕಾದು ಹಿಡಿತ ತಪ್ಪಿದೆ. ಎರಡಕ್ಕೂ ಮುಂಜಾಗ್ರತೆ ಒಂದೇ. ಇಳಿಜಾರು ಆರಂಭವಾಗುವ ಮೊದಲೇ ಕೆಳಗಿನ ಗೇರಿಗೆ ಬಂದು ಎಂಜಿನ್ನಿನ ಹಿಡಿತದಲ್ಲಿ ಇಳಿಯುವುದು.

ಆಯಿಲನ್ನು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕು. ಮಳೆ ಮುಗಿದು ಕೊಯ್ಲು ಆರಂಭವಾಗುವ ಮೊದಲಿನ ದಿನಗಳು ನಮ್ಮ ಕಡೆಗೆ ಅನುಕೂಲ. ಹಿಂದಿನ ವರ್ಷ ಒಡೆದಿಟ್ಟ ಡಬ್ಬಿಯ ಆಯಿಲು ಬೇಡ. ಎಂಜಿನ್ ಆಯಿಲನ್ನಂತೂ ಎಂದೂ ಹಾಕಬಾರದು. ರಬ್ಬರೆಲ್ಲ ಉಬ್ಬಿ ಹಾಳಾಗುತ್ತದೆ.

ಗಾಳಿ ತೆಗೆಯುವ ಕ್ರಮ

ಗಾಳಿ ತಾನಾಗಿ ಒಳಗೆ ಬರುವುದಿಲ್ಲ. ಮೊದಲು ಸೋರಿಕೆ ಹುಡುಕಿ. ಚಕ್ರದ ಒಳಬದಿ, ರಬ್ಬರ್ ಹೋಸು, ಕೊಳವೆಯ ಸಂದು, ಪೆಡಲಿನ ಹಿಂಭಾಗ ಎಲ್ಲವನ್ನೂ ನೋಡಬೇಕು. ಬೋರ್ಡೋ ದ್ರಾವಣಕ್ಕೆ ಕಬ್ಬಿಣದ ಪಾತ್ರೆ ಸಲ್ಲದೆಂದು ನಮಗೆ ಗೊತ್ತು. ಮೈಲುತುತ್ತ ಸಾಗಿಸುವ ಪಿಕಪ್ಪಿನ ಅಡಿಯಲ್ಲಿ ಹಾದುಹೋಗುವ ಉಕ್ಕಿನ ಕೊಳವೆಗೂ ಅದೇ ಮಾತು. ಚೆಲ್ಲಿದ್ದನ್ನು ಅಂದೇ ತೊಳೆಯಿರಿ, ತುಕ್ಕು ಹಿಡಿದ ಕೊಳವೆಯನ್ನು ಬದಲಿಸಿ.

ಬಳಿಕ ಇಬ್ಬರು ಬೇಕು. ನಿಪ್ಪಲಿಗೆ ಪಾರದರ್ಶಕ ಟ್ಯೂಬು ತೊಡಿಸಿ, ಅದರ ತುದಿಯನ್ನು ಸ್ವಲ್ಪ ಆಯಿಲಿರುವ ಬಾಟಲಿಯಲ್ಲಿ ಮುಳುಗಿಸಿ. ಒಬ್ಬರು ಪೆಡಲು ತುಳಿದು ಹಿಡಿಯಲಿ. ಇನ್ನೊಬ್ಬರು ನಿಪ್ಪಲು ಸಡಿಲಿಸಿ, ಗುಳ್ಳೆ ಹೊರಬಂದ ಮೇಲೆ ಬಿಗಿಯಲಿ. ಬಿಗಿದ ನಂತರವೇ ಪೆಡಲಿನಿಂದ ಕಾಲು ತೆಗೆಯಬೇಕು. ಗುಳ್ಳೆ ನಿಲ್ಲುವವರೆಗೆ ಹೀಗೆಯೇ ಮುಂದುವರಿಸಿ. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಆರಂಭಿಸುವುದು ವಾಡಿಕೆ. ಕೆಲವು ಕಾರುಗಳಲ್ಲಿ ಕ್ರಮ ಬೇರೆ, ಕೈಪಿಡಿ ನೋಡಬೇಕು. ಈ ನಡುವೆ ಮೇಲಿನ ಡಬ್ಬಿ ಬರಿದಾಗಬಾರದು, ತೆಗೆದ ಆಯಿಲನ್ನು ಮರಳಿ ಸುರಿಯಬಾರದು. ಹಳೆಯ ವಾಹನವಾದರೆ ಪೆಡಲಿನ ಕೆಳಗೆ ಮರದ ತುಂಡೊಂದನ್ನಿಡಿ. ಕಪ್ಪು ಎಂದೂ ಹೋಗದ ತುಕ್ಕಿನ ಜಾಗಕ್ಕೆ ಹೋಗಿ ಹರಿಯುವುದು ಇದರಿಂದ ತಪ್ಪುತ್ತದೆ. ಎಬಿಎಸ್ ಇರುವ ಹೊಸ ಕಾರುಗಳಲ್ಲಿ ಕೆಲವಕ್ಕೆ ಗ್ಯಾರೇಜಿನ ವಿಶೇಷ ಉಪಕರಣವೇ ಬೇಕಾದೀತು. ಮಾಸ್ಟರ್ ಸಿಲಿಂಡರಿನ ಕೆಲಸವನ್ನಂತೂ ನುರಿತ ಮೆಕ್ಯಾನಿಕರಿಗೇ ಬಿಡಬೇಕು.

ಬೋರ್ಡೋ ದ್ರಾವಣ ಹದವಾಗಿದೆಯೇ ಎಂದು ಕತ್ತಿ ಅದ್ದಿ ನೋಡದೆ ನಾವು ಕೊನೆಗೆ ಹೊಡೆಸುವುದಿಲ್ಲ. ವಾಹನ ಹೊರಡಿಸುವ ಮೊದಲು ಎಂಜಿನ್ ಚಾಲೂ ಮಾಡಿ ಅರ್ಧ ನಿಮಿಷ ಪೆಡಲು ಒತ್ತಿ ನೋಡುವುದೂ ಅಷ್ಟೇ ಅಗತ್ಯ. ಎಂಜಿನ್ ಚಾಲೂ ಆದಾಗ ಪೆಡಲು ತುಸು ತಗ್ಗುವುದು ಸಹಜ. ಆ ಮೇಲೂ ಇಳಿಯುತ್ತ ಹೋದರೆ ಅಂದಿನ ಪಯಣ ನಿಲ್ಲಿಸಿ. ಅಡಿಕೆ ಒಂದು ದಿನ ತಡವಾಗಿ ಮಂಡಿ ಸೇರಿದರೆ ಆಗುವ ನಷ್ಟ ತುಂಬಿಕೊಳ್ಳಬಹುದಾದದ್ದು.