ಗಾಲಿವಾಗ್: ಗೊಂಬೆಯ ಹೆಸರು ಬೈಗುಳವಾದ ಬಗೆ

2023ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಎಸೆಕ್ಸ್ ಸೀಮೆಯ ಗ್ರೇಸ್ ಎಂಬ ಊರಿನ ಪಬ್ಬೊಂದಕ್ಕೆ ಪೊಲೀಸರು ಬಂದು, ಅಲ್ಲಿ ಸಾಲಾಗಿ ಜೋಡಿಸಿಟ್ಟಿದ್ದ ಬಟ್ಟೆಯ ಗೊಂಬೆಗಳನ್ನು ಹೊತ್ತೊಯ್ದರು. ಕಡುಗಪ್ಪು ಮುಖ, ಬಿಳಿಯಂಚಿನ ದುಂಡು ಕಣ್ಣು, ದಪ್ಪನೆಯ ಕೆಂಪು ತುಟಿ, ಕೆದರಿ ನಿಂತ ಉಣ್ಣೆಯ ಕೂದಲು, ಮೈಮೇಲೆ ಕೋಟು, ಕೊರಳಿಗೆ ಬೋ ಟೈ. ಹೆಸರು ಗಾಲಿವಾಗ್. ದೂರು ಕೊಟ್ಟವರ ಕಣ್ಣಿಗೆ ಅದು ಜನಾಂಗ ನಿಂದನೆ, ಇಟ್ಟುಕೊಂಡವರಿಗೆ ಬಾಲ್ಯದ ನೆನಪು. ಬಿಯರ್ ತಯಾರಿಸುವ ಕಾರ್ಲ್ಸ್‌ಬರ್ಗ್, ಹೈನೆಕೆನ್ ಕಂಪನಿಗಳು ತಮ್ಮ ಮಾಲನ್ನು ಅಲ್ಲಿ ಮಾರುವುದು ಬೇಡವೆಂದವು. ಮುಂದಿನ ತಿಂಗಳು ಪಬ್ಬು ಬಾಗಿಲು ಹಾಕಿತು. ಗೊಂಬೆಗೂ ಪೊಲೀಸರಿಗೂ ಏನು ಸಂಬಂಧ ಎಂದು ಆಗ ಎಷ್ಟೋ ಜನ ಕೇಳಿದರು. ಸಂಬಂಧ ಇದೆ. ಅದಕ್ಕೆ ನೂರಿಪ್ಪತ್ತೈದು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ, ಅದರ ಒಂದು ಎಳೆ ನಮ್ಮ ದೇಶದ ಬಂದರುಗಳವರೆಗೂ ಬಂದು ಮುಟ್ಟುತ್ತದೆ.

ಫ್ಲಾರೆನ್ಸ್ ಅಪ್ಟನ್ ಹುಟ್ಟಿದ್ದು 1873ರಲ್ಲಿ, ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿ. ಅಪ್ಪ ಅಮ್ಮ ಇಂಗ್ಲೆಂಡಿನಿಂದ ಹೋದವರು. ಅಪ್ಪ ಅಕಾಲದಲ್ಲಿ ತೀರಿಕೊಂಡಾಗ ಸಂಸಾರ ಕಷ್ಟಕ್ಕೆ ಬಿತ್ತು. ಫ್ಲಾರೆನ್ಸ್ ಹದಿಹರೆಯದಲ್ಲೇ ಪತ್ರಿಕೆಗಳಿಗೆ ಚಿತ್ರ ಬರೆದು ನಾಲ್ಕು ಕಾಸು ಸಂಪಾದಿಸಲು ತೊಡಗಿದಳು. ಆಮೇಲೆ ಎಲ್ಲರೂ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ನೆಂಟರ ಮನೆಗೆ ಬಂದರು. ಚಿತ್ರಕಲೆ ಕಲಿಯಬೇಕೆಂಬ ಆಸೆ ಅವಳಿಗೆ ಬಲವಾಗಿತ್ತು, ದುಡ್ಡಿರಲಿಲ್ಲ. ಮಕ್ಕಳ ಪುಸ್ತಕ ಮಾಡಿದರೆ ದುಡ್ಡು ಹುಟ್ಟೀತು ಎಂದುಕೊಂಡು, ಡಚ್ ಗೊಂಬೆಗಳೆಂದು ಕರೆಯುತ್ತಿದ್ದ ಅಗ್ಗದ ಮರದ ಬೊಂಬೆಗಳನ್ನು ಮುಂದಿಟ್ಟುಕೊಂಡು ಚಿತ್ರ ಬರೆಯಲು ಕುಳಿತಳು. ಕಥೆಗೆ ಇನ್ನೊಂದು ಪಾತ್ರ ಬೇಕಿತ್ತು. ಆಗ ಸಿಕ್ಕಿದ್ದು ಮನೆಯ ಹಳೆಯ ಸಾಮಾನಿನ ನಡುವೆ ಬಿದ್ದಿದ್ದ ಒಂದು ಕಪ್ಪು ಬಟ್ಟೆಗೊಂಬೆ.

ಆ ಗೊಂಬೆ ಅಮೆರಿಕದಲ್ಲಿ ಅವಳ ಬಾಲ್ಯದ ಆಟಿಕೆ. ಅದರೊಂದಿಗೆ ಆಡುತ್ತಿದ್ದ ಆಟವನ್ನು ಅವಳೇ ಮುಂದೆ ನೆನಪಿಸಿಕೊಂಡಿದ್ದಾಳೆ. ತೋಟದ ಹೂಕುಂಡದ ಮೇಲೆ ಅದನ್ನು ಕೂರಿಸಿ, ದೂರದಿಂದ ರಬ್ಬರ್ ಚೆಂಡು ಬೀಸಿ ಹಿಂದಕ್ಕೆ ಉರುಳಿಸುವುದು. ಅದರ ಮುಖವೇ ಗುರಿ. ಇದನ್ನು ಬರೆದವಳಿಗೆ ಅದರಲ್ಲಿ ಕೆಟ್ಟದ್ದೇನೂ ಕಾಣಲಿಲ್ಲ, ಎಲ್ಲ ಮಕ್ಕಳೂ ಆಡುವ ಆಟ ಎಂಬ ಧಾಟಿಯಲ್ಲೇ ಹೇಳಿದ್ದಾಳೆ. ನನಗೆ ಮಾತ್ರ ಈ ಇಡೀ ಚರಿತ್ರೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವುದು ಈ ಹೂಕುಂಡವೇ. ಕಪ್ಪು ಮುಖಕ್ಕೆ ಚೆಂಡು ಹೊಡೆಯುವುದು ವಿನೋದ ಎಂದು ಒಂದು ಸಮಾಜ ತನ್ನ ಮಕ್ಕಳಿಗೆ ಯಾರೂ ಕೂರಿಸಿಕೊಂಡು ಪಾಠ ಹೇಳದೆಯೂ ಕಲಿಸಿಬಿಟ್ಟಿತ್ತು.

ಅಂಥ ಗೊಂಬೆಗಳಿಗೆ ಮಿನ್‌ಸ್ಟ್ರೆಲ್ ಗೊಂಬೆ ಎನ್ನುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಬಿಳಿಯ ನಟರು ಸುಟ್ಟ ಕಾರ್ಕಿನ ಮಸಿಯನ್ನು ಮುಖಕ್ಕೆ ಬಳಿದುಕೊಂಡು, ತುಟಿಯನ್ನು ದಪ್ಪಗೆ ತೀಡಿಕೊಂಡು, ಗುಲಾಮರಾಗಿದ್ದ ಕಪ್ಪು ಜನರ ಮಾತು, ನಡಿಗೆ, ಹಾಡುಗಳನ್ನು ಅಣಕಿಸುವ ಮಿನ್‌ಸ್ಟ್ರೆಲ್ ಎಂಬ ಆಟ ಕಟ್ಟಿ ಆಡುತ್ತಿದ್ದರು. ಆಟ ಹಡಗು ಹತ್ತಿ ಬ್ರಿಟನ್ನಿಗೂ ಬಂತು, ಅಲ್ಲೂ ಜನ ಮುಗಿಬಿದ್ದು ನೋಡಿದರು. ಅದು ಎಷ್ಟು ಆಳಕ್ಕೆ ಬೇರಿಳಿದಿತ್ತು ಎಂದರೆ, ಮುಖಕ್ಕೆ ಮಸಿ ಬಳಿದುಕೊಂಡ ಗಾಯಕರ ಮನರಂಜನಾ ಕಾರ್ಯಕ್ರಮವನ್ನು ಬಿಬಿಸಿ ಟಿ.ವಿ.ಯಲ್ಲಿ 1958ರಿಂದ 1978ರವರೆಗೆ ತೋರಿಸುತ್ತ ಬಂತು. ಅಪ್ಟನ್ ಬರೆದ ಗೊಂಬೆಯ ಕೋಟು, ಬೋ ಟೈ, ತುಟಿ ಎಲ್ಲವೂ ಆ ರಂಗದ ಮೇಲಿಂದ ಇಳಿದು ಬಂದವು. ಹೆಸರೊಂದು ಮಾತ್ರ ಅವಳ ಸ್ವಂತದ್ದು.

1895ರಲ್ಲಿ ಪುಸ್ತಕ ಹೊರಬಂತು. ಎರಡು ಡಚ್ ಗೊಂಬೆಗಳು ಮತ್ತು ಒಬ್ಬ ಗಾಲಿವಾಗ್‌ನ ಸಾಹಸಗಳು ಎಂಬ ಅರ್ಥದ ಹೆಸರು. ಚಿತ್ರ ಫ್ಲಾರೆನ್ಸಳದು, ಪದ್ಯ ತಾಯಿ ಬರ್ತಾ ಅಪ್ಟನ್‌ಳದು. ಕಥೆಯಲ್ಲಿ ಗೊಂಬೆಗಳು ಮೊದಲ ನೋಟಕ್ಕೆ ಈ ಕಪ್ಪು ಮುಖ ಕಂಡು ಹೆದರುತ್ತವೆ, ಆಮೇಲೆ ಅವನು ಸಜ್ಜನ, ಧೈರ್ಯವಂತ ಎಂದು ತಿಳಿದು ಗೆಳೆತನ ಮಾಡುತ್ತವೆ. ಪುಸ್ತಕ ಬಿಸಿ ದೋಸೆಯಂತೆ ಖರ್ಚಾಯಿತು. 1909ರವರೆಗೆ ಇಂಥ ಹದಿಮೂರು ಪುಸ್ತಕಗಳು ಬಂದವು. ಆದರೆ ಆ ಹೆಸರನ್ನಾಗಲಿ ರೂಪವನ್ನಾಗಲಿ ಅಪ್ಟನ್ ತನ್ನ ಹಕ್ಕೆಂದು ನೋಂದಾಯಿಸಿಕೊಳ್ಳಲಿಲ್ಲ. ಹೀಗಾಗಿ ಯಾರು ಬೇಕಾದರೂ ಗಾಲಿವಾಗ್ ಮಾಡಬಹುದಿತ್ತು, ಮಾಡಿದರು ಕೂಡ. ಜರ್ಮನಿಯ ಸ್ಟೈಫ್ ಕಂಪನಿ 1908ರಲ್ಲೇ ತಯಾರಿಕೆಗೆ ಇಳಿಯಿತು. ಅದೇ ವರ್ಷ ಫ್ರಾನ್ಸಿನ ದೆಬ್ಯುಸಿ ತನ್ನ ಪುಟ್ಟ ಮಗಳಿಗಾಗಿ ಬರೆದ ಪಿಯಾನೊ ಕೃತಿಗಳ ಗುಚ್ಛದಲ್ಲಿ ಕೊನೆಯದಕ್ಕೆ ಗಾಲಿವಾಗ್‌ನ ಹೆಸರಿಟ್ಟ.

ಹೆಸರು ಅವಳ ಕೈಯಿಂದ ಜಾರಿದ ಮೇಲೆ ಅದಕ್ಕೆ ಅಂಟಿಕೊಂಡ ಗುಣಗಳೂ ಬೇರೆಯಾದವು. ಅಪ್ಟನ್ ಕಥೆಯ ಸಜ್ಜನ ಬೇರೆಯವರ ಕಥೆಗಳಲ್ಲಿ ಕಳ್ಳನಾದ, ಪೋಕರಿಯಾದ. ತನ್ನ ಪಾತ್ರದ ಹೆಸರಿಗೆ ಜನ ಹಚ್ಚುತ್ತಿರುವ ಭಯಂಕರ ವ್ಯುತ್ಪತ್ತಿಗಳನ್ನು ಓದಿದರೆ ದಿಗಿಲಾಗುತ್ತದೆ ಎಂದು ಅವಳೇ ಹೇಳಿಕೊಂಡಿದ್ದಳು. ಅವಳು ತೀರಿಕೊಂಡಿದ್ದು 1922ರಲ್ಲಿ. ಎಂದರೆ, ಈ ಹೆಸರಿನ ತಕರಾರು ಇತ್ತೀಚಿನ ಸೂಕ್ಷ್ಮಮತಿಗಳು ಹುಟ್ಟುಹಾಕಿದ್ದಲ್ಲ, ಗೊಂಬೆಯ ತಾಯಿ ಬದುಕಿದ್ದಾಗಲೇ ಎದ್ದಿತ್ತು.

ಇನ್ನು ಆ ಹೆಸರಿನ ಬಾಲದ ವಿಷಯ. ಇಂಗ್ಲಿಷಿನಲ್ಲಿ ವಾಗ್ ಎಂಬುದು ಹೊಲಸು ಬೈಗುಳ. ಬ್ರಿಟನ್ನಿನಲ್ಲಿ ಅದನ್ನು ಭಾರತೀಯರ ಮೇಲೆ, ಪಾಕಿಸ್ತಾನಿಗಳ ಮೇಲೆ, ಅರಬರ ಮೇಲೆ, ಕೆರಿಬಿಯನ್ ದ್ವೀಪಗಳಿಂದ ಬಂದ ಕಪ್ಪು ಜನರ ಮೇಲೆ ಎಸೆಯುತ್ತಿದ್ದರು. ಆಸ್ಟ್ರೇಲಿಯಾದಲ್ಲಿ ಇಟಲಿ, ಗ್ರೀಸಿನಿಂದ ವಲಸೆ ಬಂದವರಿಗೂ ಅದೇ ಬಿರುದು. ಈ ಪದ ನಿಘಂಟುಕಾರರ ಕೈಗೆ ಸಿಕ್ಕ ಮೊದಲ ದಾಖಲೆಗಳಲ್ಲೊಂದು 1929ರಲ್ಲಿ ಪ್ರಕಟವಾದ ನಾವಿಕರ ಆಡುನುಡಿಯ ಕೋಶ. ಅಲ್ಲಿ ಕೊಟ್ಟಿರುವ ಅರ್ಥವೇನು ಗೊತ್ತೇ? ಭಾರತದ ಕರಾವಳಿಯ ಹಡಗು ಕಚೇರಿಗಳಲ್ಲಿ ದುಡಿಯುವ ಕೆಳದರ್ಜೆಯ ಬಾಬು ಗುಮಾಸ್ತರು. ನಮ್ಮವರೇ. ಬಂದರಿನಲ್ಲಿ ಲೆಕ್ಕ ಬರೆಯುತ್ತಿದ್ದ, ಸಾಹೇಬರ ಸರಕಿಗೆ ರಸೀದಿ ಕೊಡುತ್ತಿದ್ದ ಬಡ ಗುಮಾಸ್ತರು. ಈ ಬೈಗುಳ ಗಾಲಿವಾಗ್‌ನಿಂದಲೇ ತುಂಡಾಗಿ ಬಂದಿದ್ದೆಂದು ಹಲವು ವಿದ್ವಾಂಸರು ಊಹಿಸುತ್ತಾರೆ, ಕೆಲವರು ಒಪ್ಪುವುದಿಲ್ಲ. ಆದರೆ ಬೀದಿಯಲ್ಲಿ ಬೈಸಿಕೊಂಡವರಿಗೆ ನಿಘಂಟಿನ ವಾದದಿಂದ ಆಗಬೇಕಾದ್ದೇನಿದೆ? ಶಾಲೆಯ ಅಂಗಳದಲ್ಲಿ ಸಹಪಾಠಿಗಳು ಕಪ್ಪು ಮಗುವನ್ನೋ ಕಂದು ಮಗುವನ್ನೋ ಗಾಲಿ ಎಂದು ಕರೆದು ನಗುವಾಗ, ಗೊಂಬೆಯ ಹೆಸರೂ ಬೈಗುಳವೂ ಒಂದೇ ಬಾಯಿಂದ ಬರುತ್ತಿದ್ದವು.

ಈ ಗೊಂಬೆಯನ್ನು ಸಂಗ್ರಹದ ವಸ್ತುವನ್ನಾಗಿ ಮಾಡಿದ್ದು ಒಂದು ಜಾಮ್ ಕಂಪನಿ. ಸ್ಕಾಟ್ಲೆಂಡಿನ ಪೇಸ್ಲಿಯ ರಾಬರ್ಟ್‌ಸನ್ಸ್ 1910ರ ಸುಮಾರಿಗೆ ಗಾಲಿಯನ್ನು ತನ್ನ ಲಾಂಛನ ಮಾಡಿಕೊಂಡಿತು. 1920ರ ದಶಕದ ಕೊನೆಗೆ ಬ್ಯಾಡ್ಜಿನ ಯೋಜನೆ ಬಂತು. ಜಾಮ್ ಬಾಟಲಿಯ ಜತೆ ಬರುವ ಕಾಗದದ ಗಾಲಿಗಳನ್ನು ಕೂಡಿಡಬೇಕು, ಇಂತಿಷ್ಟಾದ ಮೇಲೆ ಅಂಚೆಯಲ್ಲಿ ಕಳಿಸಬೇಕು, ಕಂಪನಿಯಿಂದ ಬಣ್ಣದ ಎನಾಮೆಲ್ ಬ್ಯಾಡ್ಜು ಬರುತ್ತದೆ. ಗಾಲ್ಫ್ ಆಡುವ ಗಾಲಿ ಮೊದಲು ಬಂತು, ಹಿಂದೆಯೇ ಕ್ರಿಕೆಟ್ ಆಡುವವನು, ಫುಟ್‌ಬಾಲ್ ಆಡುವವನು, ವಾದ್ಯ ನುಡಿಸುವವನು. ಯುದ್ಧಕಾಲದಲ್ಲಿ ಲೋಹ ಸಿಗದೆ ನಿಂತು, ಆಮೇಲೆ ಮತ್ತೆ ಶುರುವಾಯಿತು. ಹೀಗೆ ಮನೆಮನೆಗೆ ಹೋದ ಬ್ಯಾಡ್ಜುಗಳು 2 ಕೋಟಿಗೂ ಹೆಚ್ಚು. ಮೂರು ತಲೆಮಾರಿನ ಬ್ರಿಟಿಷ್ ಮಕ್ಕಳು ಬೆಳಗಿನ ರೊಟ್ಟಿ ಜಾಮಿನ ಜತೆ ಈ ಮುಖವನ್ನು ನೋಡುತ್ತ ಬೆಳೆದರು. ಇವತ್ತು ಗಾಲಿ ನಮ್ಮ ಬಾಲ್ಯ ಎಂದು ಕಣ್ಣು ತೇವ ಮಾಡಿಕೊಳ್ಳುವವರ ಮಾತು ಸುಳ್ಳಲ್ಲ. ಅವರ ಮಮತೆಯನ್ನು ನಾನು ಅನುಮಾನಿಸುವುದಿಲ್ಲ. ಆ ಮಮತೆ ಯಾರ ಮುಖದ ಅಣಕದ ಮೇಲೆ ನಿಂತಿದೆ ಎಂಬುದನ್ನೂ ಅವರು ನೋಡಬೇಕು, ನನ್ನ ಮಾತು ಅಷ್ಟೇ.

1983ರಲ್ಲಿ ಗ್ರೇಟರ್ ಲಂಡನ್ ಕೌನ್ಸಿಲ್ ರಾಬರ್ಟ್‌ಸನ್ಸ್ ಮಾಲನ್ನು ಬಹಿಷ್ಕರಿಸಿತು. 1988ರಲ್ಲಿ ಗಾಲಿ ಟಿ.ವಿ. ಜಾಹೀರಾತಿನಿಂದ ಮಾಯವಾದ. 2001ರಲ್ಲಿ ಕಂಪನಿ ಅವನನ್ನು ಪೂರ್ತಿ ಕೈಬಿಡುವುದಾಗಿ ಸಾರಿತು. ವಿರೋಧಕ್ಕೆ ಮಣಿದು ಅಲ್ಲ, ಈಗಿನ ಮಕ್ಕಳಿಗೆ ಅವನ ಗುರುತೇ ಇಲ್ಲ ಎಂಬ ಕಾರಣ ಕೊಟ್ಟಿತು. ತಪ್ಪೆಂದು ಒಪ್ಪುವ ಒಳ್ಳೆಯ ಅವಕಾಶವನ್ನು ಅದು ಕಳೆದುಕೊಂಡಿತೆಂದೇ ನನ್ನ ಅಭಿಪ್ರಾಯ.

ನಮ್ಮ ಓದುಗರಲ್ಲಿ ಬಹಳ ಮಂದಿಗೆ ಗಾಲಿವಾಗ್‌ನ ಪರಿಚಯ ಆಗಿದ್ದರೆ ಅದು ಇಂಗ್ಲಿಷ್ ಮಕ್ಕಳ ಕಥೆಗಾರ್ತಿ ಎನಿಡ್ ಬ್ಲೈಟನ್ ಮೂಲಕ. ಬೆಂಗಳೂರು, ಮೈಸೂರಿನ ಇಂಗ್ಲಿಷ್ ಶಾಲೆಗಳ ಗ್ರಂಥಾಲಯಗಳಲ್ಲಿ ಅವಳ ಪುಟ್ಟ ಮರದ ಗೊಂಬೆ ನಾಡಿಯ ಪುಸ್ತಕಗಳನ್ನು ಓದದೆ ಬೆಳೆದವರು ಕಡಿಮೆ. 1951ರ ಒಂದು ನಾಡಿ ಪುಸ್ತಕದಲ್ಲಿ ಗಾಲಿವಾಗ್‌ಗಳು ರಾತ್ರಿ ಹೊತ್ತು ನಾಡಿಯನ್ನು ಕತ್ತಲ ಕಾಡಿಗೆ ಕರೆದೊಯ್ದು, ಅವನ ಕಾರನ್ನೂ ತೊಟ್ಟ ಬಟ್ಟೆಯನ್ನೂ ದೋಚುತ್ತವೆ. ಅದಕ್ಕೂ ಮೊದಲು, 1944ರಲ್ಲಿ, ಬ್ಲೈಟನ್ ಮೂರು ಗಾಲಿವಾಗ್‌ಗಳ ಕಥೆ ಬರೆದಿದ್ದಳು. ಮೂರೂ ನೋಡಲು ಒಂದೇ ಥರ, ಯಾರು ಯಾರೆಂದು ಗೊತ್ತಾಗುವುದಿಲ್ಲ ಎಂಬುದೇ ಅಲ್ಲಿನ ತಮಾಷೆ. ಒಂದರ ಹೆಸರು ಗಾಲಿ, ಇನ್ನೊಂದರದು ವಾಗಿ. ಮೂರನೆಯದಕ್ಕೆ ಕೊಟ್ಟಿದ್ದು ಕಪ್ಪು ಜನರನ್ನು ಜರೆಯಲು ಇಂಗ್ಲಿಷಿನಲ್ಲಿ ಬಳಸುವ ಎಲ್ಲಕ್ಕಿಂತ ನೀಚ ಪದ. ಅದನ್ನು ಇಲ್ಲಿ ಅಚ್ಚು ಮಾಡುವುದಿಲ್ಲ. ಮುಂದಿನ ಮುದ್ರಣಗಳಲ್ಲಿ ಮೂವರಿಗೂ ವಿಗ್ಗಿ, ವ್ಯಾಗಿ, ವಾಲಿ ಎಂದು ಮರುನಾಮಕರಣವಾಯಿತು. 1980ರ ದಶಕದಲ್ಲಿ ನಾಡಿಯ ಪುಸ್ತಕಗಳಿಂದಲೂ ಗಾಲಿವಾಗ್‌ಗಳನ್ನು ತೆಗೆದು ಕುಳ್ಳ ಭೂತಗಳನ್ನು ತಂದು ಕೂರಿಸಿದರು.

ಹೆಸರು ಬದಲಿಸಿದರೆ ಮುಗಿಯಿತೇ? ಈಗಲೂ ಗೊಂಬೆ ಮಾಡಿ ಮಾರುವ ಕೆಲವರು ಬಾಲವನ್ನು ಕತ್ತರಿಸಿ ಬರೀ ಗಾಲಿ ಎಂದು ಮಾರುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. ಮಿನ್‌ಸ್ಟ್ರೆಲ್ ರಂಗದ ಮುಖ ಹಾಗೆಯೇ ಉಳಿದು ಹೆಸರಿನ ಅರ್ಧ ಹೋದರೆ, ನೋಯಿಸುವುದು ಉಳಿದು ಯಾಕೆ ನೋಯುತ್ತದೆಂಬ ಸುಳಿವು ಮಾತ್ರ ಅಳಿಸಿಹೋಗುತ್ತದೆ.

ಅಮೆರಿಕದ ಗೊಂಬೆ ಸಂಗ್ರಾಹಕರ ಮುಂದಿರುವ ಪ್ರಶ್ನೆ ಬೇರೆ ಬಗೆಯದು. 1967ರಲ್ಲಿ ಮ್ಯಾಟೆಲ್ ಕಂಪನಿ ಬಾರ್ಬಿಯ ಬಂಧು ಫ್ರಾನ್ಸಿಗೆ ಕಪ್ಪು ಮೈಬಣ್ಣ ಕೊಟ್ಟು ಕಲರ್ಡ್ ಫ್ರಾನ್ಸಿ ಎಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿ ಅಂಗಡಿಗೆ ಕಳಿಸಿತು. ಮುಖದ ಅಚ್ಚು ಬಿಳಿ ಫ್ರಾನ್ಸಿಯದೇ, ಬಣ್ಣವಷ್ಟೇ ಬೇರೆ. ಕಲರ್ಡ್ ಎಂಬ ಆ ಮಾತೋ, ದಕ್ಷಿಣದ ರಾಜ್ಯಗಳಲ್ಲಿ ಕುಡಿಯುವ ನೀರಿನ ನಲ್ಲಿ, ಶೌಚಾಲಯ, ಬಸ್ ನಿಲ್ದಾಣದ ಕೋಣೆಗಳ ಮೇಲೆ ಜನರನ್ನು ಬೇರ್ಪಡಿಸಿ ನಿಲ್ಲಿಸಿದ್ದ ಫಲಕದ ಮಾತು. ನಾಗರಿಕ ಹಕ್ಕುಗಳ ಕಾನೂನು ಬಂದು ಮೂರು ವರ್ಷವಾಗಿತ್ತು ಅಷ್ಟೇ. ಗೊಂಬೆ ಹೆಚ್ಚು ಮಾರಾಟವಾಗಲಿಲ್ಲ. ಮರುವರ್ಷ ಕ್ರಿಸ್ಟಿ ಎಂಬ ಕಪ್ಪು ಗೆಳತಿ ಬಂದಳು, ಹೆಸರಿಗೆ ಯಾವ ಬಾಲವೂ ಇರಲಿಲ್ಲ. ಬಾರ್ಬಿ ಎಂಬ ಹೆಸರಿನಲ್ಲೇ ಕಪ್ಪು ಗೊಂಬೆ ಬರಲು 1980ರವರೆಗೆ ಕಾಯಬೇಕಾಯಿತು. ಅದನ್ನು ವಿನ್ಯಾಸಗೊಳಿಸಿದ್ದು ಕಿಟ್ಟಿ ಬ್ಲ್ಯಾಕ್ ಪರ್ಕಿನ್ಸ್ ಎಂಬ ಕಪ್ಪು ಮಹಿಳೆ.

ಇಷ್ಟಾದ ಮೇಲೂ 1997ರಲ್ಲಿ ಅದೇ ಕಂಪನಿ ಓರಿಯೊ ಬಿಸ್ಕತ್ತಿನವರ ಜತೆ ಸೇರಿ ಓರಿಯೊ ಬಾರ್ಬಿ ಮಾಡಿತು, ಬಿಳಿ ಒಂದು, ಕಪ್ಪು ಒಂದು. ಹೊರಗೆ ಕಪ್ಪು ಒಳಗೆ ಬಿಳಿ, ಎಂದರೆ ತನ್ನವರನ್ನು ಮರೆತವನು ಎಂದು ಕಪ್ಪು ಜನರು ಒಬ್ಬರನ್ನೊಬ್ಬರು ಮೂದಲಿಸಲು ಬಳಸುವ ಮಾತು ಓರಿಯೊ. ಗಲಾಟೆಯಾಗಿ ಗೊಂಬೆಯನ್ನು ವಾಪಸು ಪಡೆದರು. ಯಾರನ್ನೂ ನೋಯಿಸುವ ಉದ್ದೇಶ ಕಂಪನಿಗೆ ಇರಲಿಲ್ಲ ಎಂದೇ ಇಟ್ಟುಕೊಳ್ಳೋಣ. ಆ ಹೆಸರನ್ನು ಒಪ್ಪಿದ ಸಭೆಯಲ್ಲಿ ಅದರ ಇನ್ನೊಂದು ಅರ್ಥ ಬಲ್ಲ ಒಬ್ಬರನ್ನು ಕೇಳಿದ್ದರೂ ಸಾಕಿತ್ತು. ಹಿಂಪಡೆದ ಕಾರಣಕ್ಕೇ ಈಗ ಆ ಗೊಂಬೆ ಸಂಗ್ರಾಹಕರಿಗೆ ಅಪರೂಪದ ಮಾಲು.

ಹಾಗಾದರೆ ಸಂಗ್ರಾಹಕರು ಏನು ಮಾಡಬೇಕು? ಕಲರ್ಡ್ ಫ್ರಾನ್ಸಿಯನ್ನು ಪಟ್ಟಿಯಲ್ಲಿ ಬೇರೆ ಹೆಸರಿನಿಂದ ಬರೆದರೆ ಇತಿಹಾಸಕ್ಕೆ ದ್ರೋಹ. ಏನೂ ಹೇಳದೆ ಹಾಗೇ ಬರೆದರೆ ಓದುವವರಿಗೆ ನೋವು. ಇದಕ್ಕೆ ದಾರಿ ತೋರಿಸಿದ್ದು ಮಿಷಿಗನ್ನಿನ ಫೆರಿಸ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಡೇವಿಡ್ ಪಿಲ್ಗ್ರಿಮ್ ಎಂದು ನನಗನ್ನಿಸುತ್ತದೆ. ಅವರು ಕಪ್ಪು ಜನಾಂಗದವರು. ಹುಡುಗನಾಗಿದ್ದಾಗ ಅಲಬಾಮಾದಲ್ಲಿ ಕಪ್ಪು ಹೆಂಗಸನ್ನು ಅಣಕಿಸುವ ಪುಟ್ಟ ಬೊಂಬೆಯೊಂದನ್ನು ಕೊಂಡು, ಮಾರಿದವನ ಕಣ್ಣೆದುರೇ ನೆಲಕ್ಕೆ ಅಪ್ಪಳಿಸಿ ಒಡೆದರು. ಆಮೇಲೆ ಒಡೆಯುವುದನ್ನು ಬಿಟ್ಟು ಕೂಡಿಡತೊಡಗಿದರು. ತಮ್ಮ ಸಂಗ್ರಹವನ್ನೆಲ್ಲ ವಿಶ್ವವಿದ್ಯಾಲಯಕ್ಕೆ ಕೊಟ್ಟರು, ಅದೇ ಈಗ ಜಿಮ್ ಕ್ರೋ ವಸ್ತುಸಂಗ್ರಹಾಲಯ. ಗಾಲಿವಾಗ್ ಕೂಡ ಅಲ್ಲಿದೆ. ಯಾರು ಮಾಡಿದರು, ಯಾಕೆ ಕೊಂಡರು, ಯಾರಿಗೆ ನೋವಾಯಿತು ಎಂಬ ವಿವರದೊಂದಿಗೆ ಇದೆ.

ಅಪ್ಟನ್ ಕೈಯ ಮೂಲ ಗೊಂಬೆಗಳೂ ಇನ್ನೂ ಇವೆ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ, 1917ರಲ್ಲಿ, ಅವಳು ಅವನ್ನು ಕ್ರಿಸ್ಟೀಸ್ ಹರಾಜಿಗೆ ಕೊಟ್ಟು, ಬಂದ ಹಣದಲ್ಲಿ ಗಾಯಾಳು ಸೈನಿಕರಿಗಾಗಿ ಆಂಬುಲೆನ್ಸ್ ಕೊಡಿಸಿದಳು. ಗೊಂಬೆಗಳು ಬಹುಕಾಲ ಬ್ರಿಟಿಷ್ ಪ್ರಧಾನಿಯ ಹಳ್ಳಿಮನೆ ಚೆಕರ್ಸ್‌ನಲ್ಲಿದ್ದು, ಆಮೇಲೆ ಲಂಡನ್ನಿನ ಬೆತ್ನಲ್ ಗ್ರೀನ್‌ನ ಮಕ್ಕಳ ವಸ್ತುಸಂಗ್ರಹಾಲಯಕ್ಕೆ ಸೇರಿದವು. ಅಲ್ಲಿರಲಿ. ಹೆಸರೂ ಅದರ ಇತಿಹಾಸದ ಜತೆಯಲ್ಲೇ ಇರಲಿ. ಅಂಗಡಿಯ ಬೆಲೆಚೀಟಿಯ ಮೇಲೆ, ಬಾರಿನ ಗೋಡೆಯ ಮೇಲೆ, ಮಗುವಿನ ಹಾಸಿಗೆಯ ಮೇಲೆ ಮಾತ್ರ ಬೇಡ.

ನಿಮ್ಮ ಮನೆಯ ಅಟ್ಟದಲ್ಲೋ ಹಳೆ ಪುಸ್ತಕದಂಗಡಿಯ ರಾಶಿಯಲ್ಲೋ 1980ಕ್ಕೂ ಹಿಂದಿನ ಮುದ್ರಣದ ನಾಡಿ ಸಿಕ್ಕಿದರೆ ಎಸೆಯಬೇಡಿ. ಮಗುವಿನ ಕೈಗೆ ಕೊಡುವ ಮೊದಲು ನೀವೇ ಒಮ್ಮೆ ಓದಿ. ಕೊಟ್ಟ ಮೇಲೆ ಪಕ್ಕದಲ್ಲಿ ಕುಳಿತು, ಆ ಕಪ್ಪು ಗೊಂಬೆಯ ಹೆಸರು ಎಲ್ಲಿಂದ ಬಂತು, ಅದರಿಂದ ಯಾರನ್ನು ಬೈದರು ಎಂದು ಹೇಳಿ. ಬೈಸಿಕೊಂಡವರಲ್ಲಿ ನಮ್ಮ ಜನರೂ ಇದ್ದರು ಎಂಬುದನ್ನೂ ಹೇಳಿ.