ಮರಳ ಮಗ್ಗುಲಿನ ಈಜುಕೊಳ

ಮೊರೊಕ್ಕೊದ ಆಗ್ನೇಯ ಮೂಲೆಯಲ್ಲಿ, ಅಲ್ಜೀರಿಯಾದ ಗಡಿಗೆ ಹತ್ತಿರ, ಮೆರ್ಜೂಗಾ ಎಂಬ ಹಳ್ಳಿಯಿದೆ. ಊರಿನ ಬೆನ್ನಿಗೇ ಎರ್ಗ್ ಶೆಬ್ಬಿಯ ಮರಳುದಿಬ್ಬಗಳು, ಕೆಲವು ಸುಮಾರು 150 ಮೀಟರ್ ಎತ್ತರ. ಮರಾಕೆಶ್ ನಗರದಿಂದ ಇಲ್ಲಿಗೆ ಸುಮಾರು 560 ಕಿಲೋಮೀಟರ್. 2,260 ಮೀಟರ್ ಎತ್ತರದ ತಿಶ್ಕಾ ಘಾಟಿಯನ್ನು ಹತ್ತಿಳಿದು ಬರಬೇಕು. ಇಡೀ ಹಗಲು ಪ್ರಯಾಣದಲ್ಲೇ ಕಳೆದುಹೋಗುತ್ತದೆ. ಬಂದವರಿಗೆ ಸಂಜೆ ಒಂಟೆ ಸವಾರಿ, ರಾತ್ರಿ ತಾಜಿನ್ ಊಟ, ಡೋಲಿನ ಹಾಡು, ಬೆಳಗಿನ ಜಾವ ದಿಬ್ಬದ ಮೇಲೆ ಸೂರ್ಯೋದಯ. ಮನೆಗೆ ಮರಳಿದ ಮೇಲೆ ದಿಬ್ಬಕ್ಕೆ ಹೊಗಳಿಕೆ, ಹೋಟೆಲಿಗೆ ದೂರು: ಹಾಸಿಗೆಯಲ್ಲಿ ಮರಳು, ಬಿಸಿನೀರು ಬೇಗ ಮುಗಿಯಿತು, ರಾತ್ರಿ ವಿಪರೀತ ಚಳಿ. ಈ ದೂರುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಹೋಟೆಲಿನ ಮೇಲಲ್ಲ, ಮರುಭೂಮಿಯ ಮೇಲೆಯೇ ಹೇಳಿದವು. ಅಂಥ ಜಾಗದ ಹೋಟೆಲನ್ನು ಅಳೆಯಬೇಕಾದ್ದು ಅದರ ಗೋಡೆಯಿಂದ ಮತ್ತು ಅದರ ನೀರಿನಿಂದ ಎಂಬುದು ನನ್ನ ವಾದ.

ಮೊದಲು ಗೋಡೆ. ಬೇಸಿಗೆಯ ಹಗಲಲ್ಲಿ ಬಿಸಿಲು 45 ಡಿಗ್ರಿ ಮುಟ್ಟುವ, ಚಳಿಗಾಲದ ರಾತ್ರಿ ಸೊನ್ನೆಯ ಹತ್ತಿರಕ್ಕೆ ಇಳಿಯುವ ಈ ಸೀಮೆಯಲ್ಲಿ ಜನ ಕಂಡುಕೊಂಡ ಉಪಾಯ ದಪ್ಪ ಮಣ್ಣಿನ ಗೋಡೆ. ಎರಡು ಹಲಗೆಗಳ ನಡುವೆ ತೇವದ ಮಣ್ಣು ಸುರಿದು, ಗುದ್ದಿ ಗಟ್ಟಿಮಾಡಿ, ಹಲಗೆ ಬಿಚ್ಚಿ ಮುಂದಕ್ಕೆ ಸರಿಸಿ, ಮತ್ತೆ ಗುದ್ದುತ್ತಾರೆ. ಹಲಗೆ ಹೊತ್ತ ಅಡ್ಡಕೋಲುಗಳನ್ನು ಎಳೆದುಕೊಂಡ ಜಾಗದಲ್ಲಿ ಸಾಲುಸಾಲು ತೂತುಗಳು ಉಳಿಯುತ್ತವೆ. ಹಳೆಯ ಕಸ್ಬಾಗಳ, ಅಂದರೆ ಕೋಟೆಮನೆಗಳ, ಗೋಡೆಯಲ್ಲಿ ಇವತ್ತಿಗೂ ಅವು ಕಾಣುತ್ತವೆ. ಹಗಲಿನ ಕಾವು ಈ ಗೋಡೆ ದಾಟಿ ಒಳಗೆ ಬರುವಷ್ಟರಲ್ಲಿ ರಾತ್ರಿಯಾಗಿ, ಆ ಕಾವು ಬೇಕಾದ ಹೊತ್ತೇ ಬಂದಿರುತ್ತದೆ. 1987ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಐತ್ ಬೆನ್ ಹದ್ದು ಇಂಥ ಮಣ್ಣಿನ ಊರೇ. ಆದರೆ ಹೊಸ ಹೋಟೆಲುಗಳಲ್ಲಿ ಹಲವು ಸಿಮೆಂಟ್ ಇಟ್ಟಿಗೆಯವು. ಮೇಲೆ ಮಾತ್ರ ಮಣ್ಣುಬಣ್ಣದ ಗಿಲಾವು. ಫೋಟೊದಲ್ಲಿ ವ್ಯತ್ಯಾಸ ತಿಳಿಯದು, ಏಸಿ ನಿಲ್ಲಿಸಿದರೆ ತಿಳಿಯುತ್ತದೆ. 2006ರಲ್ಲಿ ಪ್ರವಾಹ ಬಂದು ಮೆರ್ಜೂಗಾದ ಮಣ್ಣಿನ ಮನೆಗಳನ್ನೂ ಹೋಟೆಲುಗಳನ್ನೂ ಕೊಚ್ಚಿಕೊಂಡು ಹೋಯಿತು. ಹಾಗಾಗಿ ಸಿಮೆಂಟಿನ ಕಡೆ ವಾಲಿದವರನ್ನು ಸುಮ್ಮನೆ ಬೈಯುವಂತಿಲ್ಲ. ತಳಪಾಯವನ್ನು ಕಲ್ಲಿನಲ್ಲಿ ಎತ್ತರಿಸಿ ಮೇಲೆ ಮಣ್ಣಿನಲ್ಲಿ ಕಟ್ಟುವ ನಡುದಾರಿಯೂ ಇದೆ ಎಂದಷ್ಟೇ ಹೇಳಬಹುದು.

ಇನ್ನು ನೀರು. ವರ್ಷಕ್ಕೆ 100 ಮಿಲಿಮೀಟರ್ ಮಳೆಯೂ ಬೀಳದ, ಮೆರ್ಜೂಗಾ ಇರುವ ಈ ತಾಫಿಲಾಲ್ತ್ ಸೀಮೆಯನ್ನು ಶತಮಾನಗಳ ಕಾಲ ಸಾಕಿದ್ದು ಖೆತ್ತಾರ. ಅಂದರೆ ಅಂತರ್ಜಲ ಇರುವ ಎತ್ತರದ ಜಾಗದಿಂದ ಊರಿನ ತೋಟದವರೆಗೆ, ನೆಲದೊಳಗೆ ತುಸುವೇ ಇಳಿಜಾರಾಗಿ ಕೊರೆದ ಸುರಂಗ. ಪಂಪಿಲ್ಲ, ಕರೆಂಟಿಲ್ಲ, ನೀರು ತಾನಾಗಿ ಹರಿದು ಬರುತ್ತದೆ. ಹೂಳೆತ್ತಲು ನಡುನಡುವೆ ತೋಡಿದ ಬಾವಿಗಳ ಸುತ್ತ ಮಣ್ಣಿನ ಗುಪ್ಪೆ. ಎರ್ಫೂದ್ ಪಟ್ಟಣದ ಹತ್ತಿರದ ಬಯಲಲ್ಲಿ ಅವು ಹುತ್ತಗಳ ಸಾಲಿನಂತೆ ಕಾಣುತ್ತವೆ. ಕನ್ನಡಿಗರಿಗೆ ಇದು ತೀರಾ ಹೊಸದೂ ಅಲ್ಲ. ಬೀದರಿನ ನೌಬಾದಿನಲ್ಲಿ ಬಹಮನಿಗಳ ಕಾಲದಲ್ಲಿ ಕೊರೆದ ಕರೇಜ್ ಇದೇ ಜಾತಿಯದು, ಎರಡಕ್ಕೂ ಪರ್ಷಿಯಾದ ಕನಾತ್‌ನೊಡನೆ ನಂಟು. ಮೆರ್ಜೂಗಾದ ಪಕ್ಕದ ಹಸ್ಸಿಲಬಿಯದ್ ಹಳ್ಳಿಯಲ್ಲಿ ಖರ್ಜೂರದ ತೋಟಗಳಿಗೆ ಮನೆಮನೆಯವರು ಪಾಳಿಯ ಮೇಲೆ ಈ ನೀರು ಬಿಟ್ಟುಕೊಳ್ಳುತ್ತಾರೆ. 1971ರಲ್ಲಿ ಈ ಸೀಮೆಯ ಜೀಜ್ ನದಿಗೆ ಅಣೆಕಟ್ಟು ಬಂದು, ಆಮೇಲೆ ಮೋಟಾರ್ ಪಂಪುಗಳೂ ಹೆಚ್ಚಿ, ಅನೇಕ ಖೆತ್ತಾರಗಳು ಬತ್ತಿದವು. ಪಂಪಿನ ಕೊಳವೆ ಆಳಕ್ಕಿಳಿದಂತೆ ಸುರಂಗದ ಬಾಯಿ ಒಣಗುತ್ತದೆ, ಲೆಕ್ಕ ಅಷ್ಟು ಸರಳ. ದಿಬ್ಬದ ಬುಡದಲ್ಲಿ ನೀಲಿಯಾಗಿ ಹೊಳೆಯುವ ಹೋಟೆಲಿನ ಈಜುಕೊಳವನ್ನು ನೋಡಬೇಕಾದ್ದು ಈ ಹಿನ್ನೆಲೆಯಲ್ಲಿ.

ಹೋಟೆಲಿನ ನೀರು ಎಷ್ಟಾದೀತು, ಬೇಸಾಯದ ಮುಂದೆ ಅದು ಯಾವ ಲೆಕ್ಕ ಎಂದು ಕೇಳುವವರಿದ್ದಾರೆ. ಮಾತು ನಿಜ. 2017ರಲ್ಲಿ ದಕ್ಷಿಣ ಮೊರೊಕ್ಕೊದ ಜಾಗೋರಾ ಪಟ್ಟಣದ ಜನ ಕುಡಿಯುವ ನೀರಿಗಾಗಿ ಬೀದಿಗಿಳಿದಾಗ ಬೆರಳು ಹೋದದ್ದು ಹೊರದೇಶಕ್ಕೆ ಕಳಿಸಲು ಬೆಳೆಯುವ ಕಲ್ಲಂಗಡಿಯ ಕಡೆಗೆ. ಮುಂದೆ ಸರ್ಕಾರವೇ ಆ ಬೆಳೆಗೆ ಮಿತಿ ಹಾಕಬೇಕಾಯಿತು. ಆದರೆ ಹೋಟೆಲಿಗೆ ಅಂತರ್ಜಲ ಬೇಕಾದ್ದು ಊರಿನ ಮಧ್ಯದಲ್ಲೇ, ತೋಟದ ಮಗ್ಗುಲಲ್ಲೇ. ಇಡೀ ಪ್ರಾಂತ್ಯದ ಲೆಕ್ಕದಲ್ಲಿ ಸಣ್ಣದಾದದ್ದು ಒಂದು ಬಾವಿಯ ಲೆಕ್ಕದಲ್ಲಿ ದೊಡ್ಡದಾಗಬಹುದು. ಮಳೆಯನ್ನೇ ನಂಬಿ ಕೂರುವಂತೆಯೂ ಇಲ್ಲ. 2024ರ ಸೆಪ್ಟೆಂಬರಿನಲ್ಲಿ ಭಾರಿ ಮಳೆ ಸುರಿದು, ಸುಮಾರು 50 ವರ್ಷ ಒಣಗಿದ್ದ ದಕ್ಷಿಣದ ಇರಿಕಿ ಕೆರೆಯಲ್ಲೂ ನೀರು ನಿಂತದ್ದು ಸುದ್ದಿಯಾಯಿತು. ಅದಕ್ಕೂ ಮುಂಚೆ ಆರು ವರ್ಷ ಬರವಿತ್ತು ಎಂಬುದು ಅಷ್ಟು ಸುದ್ದಿಯಾಗಲಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಬರ ಬಂದು ಹುಲ್ಲುಗಾವಲು ಹೋಯಿತು, ಬಯೂದ್ ಎಂಬ ಶಿಲೀಂಧ್ರ ರೋಗ ಖರ್ಜೂರದ ಮರಗಳನ್ನು ತಿಂದಿತು. ಕುರಿ ಮೇಕೆ ಕಾಯುತ್ತಿದ್ದ ಅಮಾಜಿಗ್ (ಬರ್ಬರ್) ಮನೆಗಳ ಹುಡುಗರು ಇವತ್ತು ಒಂಟೆ ನಡೆಸಿ, ಅಡುಗೆ ಮಾಡಿ, ನಾಲ್ಕೈದು ಭಾಷೆ ಆಡಿ ಬದುಕುತ್ತಿರುವುದು ಅತಿಥಿಗಳಿಂದಲೇ. ಹಾಗಿರುವಾಗ ಅತಿಥಿ ಕೇಳಿದ್ದನ್ನು ಕೊಡಬೇಡಿ ಎನ್ನಲು ಹೊರಗಿನವರು ಯಾರು? ಒಪ್ಪಬೇಕಾದ ಮಾತೇ. ಆದರೆ ಹೋಟೆಲಿನವರು ಕೊಳ ತೋಡುವುದು ಮರುಭೂಮಿಯ ಮೇಲಿನ ಪ್ರೀತಿಯಿಂದಲ್ಲ, ಕೊಳವಿಲ್ಲದಿದ್ದರೆ ಅತಿಥಿ ಪಕ್ಕದ ಹೋಟೆಲಿಗೆ ಹೋಗುತ್ತಾನೆಂಬ ಭಯದಿಂದ. ಆ ಭಯ ಹುಟ್ಟಿಸಿದ್ದು ಪ್ರವಾಸಿಗರಾದ ನಾವು, ಇಳಿಸಬೇಕಾದವರೂ ನಾವೇ. ಅಲ್ಲಿನ ಆತಿಥ್ಯವೇನೂ ಕೊಳದಿಂದ ಶುರುವಾಗುವುದಿಲ್ಲ. ಬಂದವರ ಮುಂದೆ ಮೊದಲು ಇಡುವುದು ಪುದೀನ ಚಹಾ: ಚೀನಾದಿಂದ ಬಂದ ಹಸಿರು ಚಹಾಪುಡಿ, ಒಂದು ಹಿಡಿ ಪುದೀನ, ಧಾರಾಳ ಸಕ್ಕರೆ. ಕೆಟಲನ್ನು ಮೇಲಕ್ಕೆತ್ತಿ ಸಣ್ಣ ಗಾಜಿನ ಲೋಟಕ್ಕೆ ನೊರೆ ಏಳುವಂತೆ ಸುರಿಯುತ್ತಾರೆ, ಮೊದಲ ಲೋಟವನ್ನು ಮತ್ತೆ ಕೆಟಲಿಗೇ ಹಾಕಿ ಹದ ನೋಡುತ್ತಾರೆ. ಊಟ ತಡವಾಯಿತು ಎಂದು ದೂರುವವರು ಈ ಹೊತ್ತನ್ನೂ ತಡವೆಂದೇ ಎಣಿಸಿರುತ್ತಾರೆ.

ಹೋಗುವ ಮನಸ್ಸಿದ್ದರೆ ಅಕ್ಟೋಬರ್ ಮತ್ತು ಏಪ್ರಿಲ್ ನಡುವೆ ಹೋಗಿ, ಒಂದರ ಬದಲು ಎರಡು ರಾತ್ರಿ ಇರಿ, ಬೆಚ್ಚನೆಯ ಬಟ್ಟೆ ಒಯ್ಯಿರಿ. ಕೋಣೆ ಕಾದಿರಿಸುವ ಮುನ್ನ ಗೋಡೆ ಯಾವುದರದು, ನೀರು ಎಲ್ಲಿಂದ ಬರುತ್ತದೆ ಎಂದು ಹೋಟೆಲಿನವರಿಗೆ ಒಂದು ಸಾಲು ಬರೆದು ಕೇಳಿ.